ಏಕದೇವವಾದವೂ ಪರಧರ್ಮಸಹನೆಯೂ
(ನಾಗಪುರದ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿ ಕಲೆತು ರಾಜ್ಯೋತ್ಸವವನ್ನು ಆಚರಿಸುವಾಗ ನಮ್ಮ ನಾಡಿನ ಹಿರಿಮೆಯನ್ನು ನಾಲ್ಕು ಮಾತುಗಳಲ್ಲಿ ಕೊಂಡಾಡುವುದು ವಾಡಿಕೆ. ಆ ವಾಡಿಕೆಯನ್ನು ನಾವೂ ಬಿಡುವುದಿಲ್ಲ. ನಾವೆಲ್ಲ ಬಂದು ನೆಲಸಿರುವ ಈ ನಾಗಪುರದ ಹೆಸರು ಮೊಟ್ಟಮೊದಲು ಕಾಣುವುದು ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಪಟದಲ್ಲಿ. ಅದನ್ನು ಬರೆಸಿದವನು ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ; ಕಾಲ ಶಕವರ್ಷ 862, ಎಂದರೆ ಕ್ರಿ. ಶ. 940. ನಾಗಪುರ-ನಂದಿವರ್ಧನವೆಂಬ ವಿಷಯದಲ್ಲಿದ್ದ ಒಂದು ಹಳ್ಳಿಯನ್ನು ಬ್ರಾಹ್ಮಣನೊಬ್ಬನಿಗೆ ದತ್ತಿ ಬಿಟ್ಟ ಈ ಕೃಷ್ಣನೇ ಜೈನಕವಿಯಾದ ಪೊನ್ನನನ್ನು ‘ಉಭಯಕವಿಚಕ್ರವರ್ತಿ’ ಎಂದು ಮನ್ನಿಸಿದವನು. ಕನ್ನಡ ದೊರೆಗೂ ಈ ಊರಿಗೂ ಸಾವಿರ ವರ್ಷಕ್ಕೆ ಮೀರಿದ ನಂಟು ಉಂಟೆಂಬುದು ನಮಗೆ ಸಂತೋಷದ ಸಂಗತಿಯೇ ಸರಿ. ಆದರೆ ಹಿರಿಯರ ಹೆಸರು ಹೇಳಿ ಹಿಗ್ಗುವುದರಿಂದ ಇಂದಿನ ನಮ್ಮ ತೊಡಕು ಬಗೆಹರಿಯದು. ಆ ತೊಡಕು ಯಾವುದೆಂಬುದು ತಮಗೆಲ್ಲ ತಿಳಿದೇ ಇದೆ.

ಈ ವರ್ಷ ನಮ್ಮ ಯುವಕ ಯುವತಿಯರು ಚರ್ಚಾಕೂಟಕ್ಕೆಂದು ಆರಿಸಿಕೊಂಡ ವಿಷಯ ಇದು: “ದೇವರು ಒಬ್ಬನೇ ಎನ್ನುವ ಮತಗಳ ಧರ್ಮಗ್ರಂಥಗಳು ಅಸಹನೆಯನ್ನು ಬೋಧಿಸುತ್ತವೆಯೆ?” ಹಿರಿಯರಲ್ಲಿ ಕೆಲವರು, “ಇದು ಬೇಡಪ್ಪ. ಹಾಡು, ನಾಟಕ, ರಂಗವಲ್ಲಿ ಇರಲಿ. ನಾವು ಹೊರಗಿನಿಂದ ಬಂದವರು, ಊರವರ ಕಿವಿಗೆ ಬಿದ್ದರೆ ಏನೆಂದಾರು?” ಎಂದರು. ಕಿರಿಯರು, “ಪುಸ್ತಕದಲ್ಲಿ ಇರುವುದನ್ನು ಹೇಳಲು ಅಂಜಿಕೆಯೇಕೆ?” ಎಂದರು. ಎರಡು ಮಾತಿನಲ್ಲೂ ಹುರುಳಿದೆ. ನಮ್ಮಲ್ಲಿ ಹಲವರ ಮನೆಯ ಒಂದು ಗೋಡೆಯಾಚೆ ಮುಸಲ್ಮಾನರಿದ್ದಾರೆ, ಇನ್ನೊಂದರಾಚೆ ಬೌದ್ಧರು. ಸ್ಟೀಫನ್ ಹಿಸ್ಲಪ್ ಪಾದ್ರಿಯ ಹೆಸರನ್ನು ಹೊತ್ತ ಕಾಲೇಜಿನಲ್ಲಿ ನಮ್ಮವರ ಮಕ್ಕಳು ಓದಿದ್ದಾರೆ. ತಾಜಬಾಗಿನ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬರುವ ಹಿಂದೂ ಗೃಹಿಣಿಯರನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಊರಿನಲ್ಲಿ ಈ ಪ್ರಶ್ನೆಯನ್ನು ಎತ್ತಬೇಕೆ ಬೇಡವೆ, ಎತ್ತಿದರೆ ಹೇಗೆ ಎತ್ತಬೇಕು ಎಂಬುದನ್ನು ಕುರಿತು ಮಾತನಾಡಬೇಕೆಂದು ಸಂಘದ ಅಪ್ಪಣೆಯಾಯಿತು.

ಮೊದಲು ಗ್ರಂಥಗಳನ್ನೇ ನೋಡೋಣ. ಇರುವುದನ್ನು ಇಲ್ಲವೆಂದು ಮುಚ್ಚಿಡುವುದರಿಂದ ಯಾರಿಗೂ ಹಿತವಿಲ್ಲ. ಯೆಹೂದ್ಯರ ತೋರಾದಲ್ಲಿ, ಕ್ರೈಸ್ತರು ‘ಧರ್ಮೋಪದೇಶಕಾಂಡ’ವೆನ್ನುವ ಭಾಗದ 13ನೆಯ ಅಧ್ಯಾಯದಲ್ಲಿ, ಒಡಹುಟ್ಟಿದವನಾಗಲಿ ಮಕ್ಕಳಾಗಲಿ ಕೈಹಿಡಿದವಳಾಗಲಿ ಬೇರೆ ದೇವರನ್ನು ಪೂಜಿಸೋಣವೆಂದು ಗುಟ್ಟಾಗಿ ಕರೆದರೆ ಕನಿಕರಿಸಬಾರದು, ಕಲ್ಲೆಸೆದು ಕೊಲ್ಲಬೇಕು ಎಂಬ ಕಟ್ಟಳೆ ಇದೆ. ಯೋಹಾನನ ಸುವಾರ್ತೆಯಲ್ಲಿ, ತನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬಾರರೆಂದು ಏಸುವು ಹೇಳುವ ಮಾತಿದೆ. ಕುರಾನಿನ 9ನೆಯ ಅಧ್ಯಾಯದಲ್ಲಿ ಬಹುದೇವಾರಾಧಕರೊಡನೆ ಕಾದಾಡಬೇಕೆಂಬ ಆಜ್ಞೆ ಇದೆ. ನಮ್ಮ ಯುವಕರು ಓದಿ ತೋರಿಸಿದವು ಇವೇ.

ಆದರೆ ಅದೇ ಪುಸ್ತಕಗಳ ಪುಟಗಳನ್ನು ಇನ್ನಷ್ಟು ತಿರುವಬೇಕು. ತೋರಾದ ಯಾಜಕಕಾಂಡವು ನಿಮ್ಮಲ್ಲಿ ಬಂದಿಳಿದ ಪರದೇಶಿಯನ್ನು ನಿಮ್ಮವನಂತೆಯೇ ಪ್ರೀತಿಸಿರಿ, ನೀವೂ ಒಮ್ಮೆ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂದು ನೆನಪು ಮಾಡಿಕೊಡುತ್ತದೆ. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಮಾತು ಇದ್ದೀತೆ? ಲೂಕನ ಸುವಾರ್ತೆಯಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿ ಉಪಚರಿಸಿದವನು ಸ್ವಮತದ ಪುರೋಹಿತನಲ್ಲ, ಅನ್ಯಮತದವನೆಂದು ಯೆಹೂದ್ಯರು ಹಳಿಯುತ್ತಿದ್ದ ಸಮಾರ್ಯದವನು. ಕುರಾನಿನ 2ನೆಯ ಅಧ್ಯಾಯವು ಧರ್ಮದ ವಿಷಯದಲ್ಲಿ ಬಲಾತ್ಕಾರವಿಲ್ಲವೆನ್ನುತ್ತದೆ. ಯುದ್ಧದ ಆಜ್ಞೆಯಿರುವ 9ನೆಯ ಅಧ್ಯಾಯದಲ್ಲಿಯೇ, ಅದರ ಮುಂದಿನ ವಾಕ್ಯದಲ್ಲಿಯೇ, ಬಹುದೇವಾರಾಧಕನೊಬ್ಬನು ಆಶ್ರಯ ಬೇಡಿದರೆ ಕೊಟ್ಟು ಅವನನ್ನು ಸುರಕ್ಷಿತವಾದ ಸ್ಥಳಕ್ಕೆ ಮುಟ್ಟಿಸಬೇಕೆಂಬ ಅಪ್ಪಣೆ ಇದೆ. ಮೊದಲನೆಯ ವಾಕ್ಯವನ್ನು ಓದಿ ಎರಡನೆಯದನ್ನು ಬಿಡುವವನು ಅದನ್ನು ಮೆಚ್ಚುವವನೇ ಆಗಲಿ ಜರೆಯುವವನೇ ಆಗಲಿ, ಗ್ರಂಥಕ್ಕೆ ಅನ್ಯಾಯ ಮಾಡಿದವನೇ.

ಹಾಗಾದರೆ ಈ ಕಠಿಣವಾದ ಮಾತುಗಳು ಹುಟ್ಟಿದ್ದಾದರೂ ಹೇಗೆ? ವಿದ್ವಾಂಸರು ಒಂದು ಹೋಲಿಕೆಯನ್ನು ಎತ್ತಿ ತೋರಿದ್ದಾರೆ. ಅಸ್ಸೀರಿಯಾದ ಅರಸ ಎಸರ್‌ಹದ್ದೋನನು ಕ್ರಿ. ಪೂ. 672ರಲ್ಲಿ ತನ್ನ ಮಗನ ಪಟ್ಟವು ಭದ್ರವಾಗಲೆಂದು ಸಾಮಂತರಿಂದ ಪ್ರಮಾಣ ಮಾಡಿಸಿದನು. ರಾಜದ್ರೋಹದ ಮಾತನ್ನು ಅಣ್ಣತಮ್ಮಂದಿರ ಬಾಯಿಂದ ಕೇಳಿದರೂ, ಮಕ್ಕಳ ಬಾಯಿಂದ ಕೇಳಿದರೂ ಬಚ್ಚಿಡಕೂಡದು ಎಂಬುದು ಅದರ ಕರಾರು. ಧರ್ಮೋಪದೇಶಕಾಂಡದ ಮಾತಿಗೂ ಇದಕ್ಕೂ ಇರುವ ಸಾಮ್ಯ ಎದ್ದು ಕಾಣುತ್ತದೆ. ಅರಸನು ಕೇಳುತ್ತಿದ್ದ ನಿಷ್ಠೆಯ ಭಾಷೆಯನ್ನೇ ಒಂದು ಸಣ್ಣ ಜನಾಂಗವು ತನ್ನ ದೇವರಿಗೆ ಸಲ್ಲಿಸಿತು. ದೊರೆ ಒಬ್ಬನೇ ಎಂದಮೇಲೆ ಇನ್ನೊಬ್ಬನಿಗೆ ಕೈಮುಗಿಯುವುದು ದ್ರೋಹವಾಗುತ್ತದೆ. ಏಕದೇವವಾದದ ಕಹಿ ಹುಟ್ಟುವುದು ಇಲ್ಲಿ.

ಅದರ ಸಿಹಿಯೂ ಇದೇ ಬೇರಿನಿಂದ ಬಂದದ್ದೆಂಬುದನ್ನು ಮರೆಯಲಾಗದು. ಹುಟ್ಟಿಸಿದವನು ಒಬ್ಬನೇ ಆದರೆ ಹುಟ್ಟಿದವರೆಲ್ಲ ಒಂದೇ ಕುಲ. ಮಸೀದಿಯಲ್ಲಿ ಸಿರಿವಂತನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಿಲ್ಲುವುದು ಇದರಿಂದ. ನಮ್ಮ ಹನ್ನೆರಡನೆಯ ಶತಮಾನದ ಶರಣರು ಕುಲವನ್ನು ಕೇಳದೆ ಇಷ್ಟಲಿಂಗವನ್ನು ಕೊಟ್ಟದ್ದೂ ಇದರಿಂದ. ಹಲವು ದೇವರನ್ನು ಪೂಜಿಸಿದವರೆಲ್ಲ ಸಹನಶೀಲರೆಂದೂ ತಿಳಿಯಬಾರದು. ಕ್ರಿ. ಶ. 250ರ ಸುಮಾರಿನಲ್ಲಿ ಬಹುದೇವಾರಾಧಕನಾದ ರೋಮಿನ ಚಕ್ರವರ್ತಿ ಡೇಸಿಯಸನು ಎಲ್ಲರೂ ದೇವತೆಗಳಿಗೆ ಬಲಿಯರ್ಪಿಸಲೇಬೇಕೆಂದು ಆಜ್ಞೆ ಮಾಡಿ, ಒಪ್ಪದ ಕ್ರೈಸ್ತರನ್ನು ಶಿಕ್ಷಿಸಿದನು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. “ಇದೆಲ್ಲ ಪರದೇಶದಿಂದ ಬಂದ ಮತಗಳ ಮಾತು, ನಮ್ಮಲ್ಲಿ ಇಂಥದಿಲ್ಲ” ಎಂದು ಯಾರಾದರೂ ಅಂದರೆ ಅವರನ್ನು ಹಾವೇರಿ ಜಿಲ್ಲೆಯ ಅಬ್ಬಲೂರಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಕ್ರಿ. ಶ. 1200ರ ಸುಮಾರಿನ ಶಾಸನವೊಂದಿದೆ. ಆಳಂದದ ಏಕಾಂತದ ರಾಮಯ್ಯನೆಂಬ ಶಿವಭಕ್ತನ ಕಥೆಯನ್ನು ಅದು ಹೇಳುತ್ತದೆ. ಶಿವನ ಸನ್ನಿಧಿಯಲ್ಲಿ ಜೈನರು ಜಿನನೇ ದೇವರೆಂದು ಹೊಗಳಿಕೊಂಡರಂತೆ. ಮಾತಿಗೆ ಮಾತು ಬೆಳೆದು ಪಂಥಕ್ಕೆ ಮುಟ್ಟಿತು. ರಾಮಯ್ಯನು ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ಕಿತ್ತು ಶಿವನನ್ನು ನಿಲ್ಲಿಸುವುದಾಗಿ ಜೈನರು ಓಲೆ ಬರೆದುಕೊಟ್ಟರು. ಏಳು ದಿನಗಳಾದ ಮೇಲೆ ತಲೆ ಬಂದಿತೆಂದೂ, ಜೈನರು ಮಾತಿಗೆ ತಪ್ಪಲು ರಾಮಯ್ಯನು ಬಿಂಬವನ್ನು ಒಡೆದನೆಂದೂ, ದೂರು ಬಿಜ್ಜಳನವರೆಗೆ ಹೋಗಿ ಅವನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನೆಂದೂ ಶಾಸನ ಹೇಳುತ್ತದೆ. ಕಥೆಯನ್ನು ಅದೇ ದೇವಾಲಯದಲ್ಲಿ ಕಲ್ಲಿನಲ್ಲಿ ಕಂಡರಿಸಿಯೂ ಇದ್ದಾರೆ.

ತಲೆ ಮರಳಿ ಬಂದದ್ದು ಭಕ್ತರ ನಂಬಿಕೆಗೆ ಬಿಟ್ಟದ್ದು. ನಾವು ಗಮನಿಸಬೇಕಾದದ್ದು ಬೇರೆ. ನೆರೆಯವರ ದೇವರನ್ನು ಒಡೆದದ್ದನ್ನು ಮುಚ್ಚಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕೀರ್ತಿಯ ಮಾತೆಂದೇ ಕಲ್ಲಿನಲ್ಲಿ ಬರೆಸಿದರು. ಬರೆಸಿದ ಭಾಷೆ ನಮ್ಮ ಕನ್ನಡ. ಭೀಮಕವಿಯು 1369ರಲ್ಲಿ ಮುಗಿಸಿದ ಕನ್ನಡ ಬಸವಪುರಾಣದಲ್ಲಿಯೂ ಶಿವಭಕ್ತಿಯ ಆವೇಶದಲ್ಲಿ ಪರಮತದವರ ಮೇಲೆ ಕೈಮಾಡಿದವರ ಕಥೆಗಳಿವೆ. ಅದೇ ಪುರಾಣದಲ್ಲಿ ಎಲ್ಲ ಕುಲದವರನ್ನೂ ಅಪ್ಪಿಕೊಂಡ ಬಸವಣ್ಣನವರ ಕರುಣೆಯ ಕಥೆಗಳೂ ಇವೆ. ಇತರರ ಗ್ರಂಥದಲ್ಲಿ ಕಂಡ ಸಿಹಿಕಹಿ ನಮ್ಮದರಲ್ಲಿಯೂ ಇದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟ ಮಾಡಿಕೊಳ್ಳಬೇಕು. “ನಾನು ಈ ದೇವರನ್ನು ಒಲ್ಲೆ” ಎನ್ನುವುದು ಅಸಹನೆಯಲ್ಲ. “ನೀನೂ ಒಲ್ಲೆನೆನ್ನು, ಇಲ್ಲವಾದರೆ ನಿನ್ನನ್ನು ಬಾಳಗೊಡಿಸೆನು” ಎನ್ನುವುದು ಅಸಹನೆ. ಇಷ್ಟಲಿಂಗವಲ್ಲದೆ ಅನ್ಯವನ್ನು ಮುಟ್ಟೆನೆನ್ನುವ ಶರಣನು, ಅಲ್ಲಾಹನಲ್ಲದೆ ಅನ್ಯರಿಗೆ ತಲೆಬಾಗೆನೆನ್ನುವ ಮುಸಲ್ಮಾನನು, ನಮ್ಮ ಹಬ್ಬದ ಪ್ರಸಾದವನ್ನು ವಿನಯದಿಂದ ಬೇಡವೆನ್ನುವ ಕ್ರೈಸ್ತ ನೆರೆಯವನು, ಇವರು ಯಾರೂ ನಮಗೆ ಅಪಚಾರ ಮಾಡಿದವರಲ್ಲ. ಇದನ್ನು ನಾಗಪುರದವರಿಗೆ ಬೇರೆ ಹೇಳಬೇಕಾಗಿಲ್ಲ. 1956ರ ಅಕ್ಟೋಬರ್ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಈಗ ದೀಕ್ಷಾಭೂಮಿಯೆನ್ನುವ ಬಯಲಿನಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅಂದು ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲಿನವು ಹಿಂದೂ ದೇವತೆಗಳನ್ನು ಪೂಜಿಸೆವೆನ್ನುವ ಮಾತುಗಳು. ಕೆಲವರಿಗೆ ಅವು ಕಹಿಯೆನಿಸಬಹುದು. ಆದರೆ ಬಾಗಿಲೊಳಗೆ ಬಿಡದ ದೇವರನ್ನು ಒಲ್ಲೆನೆಂದು ಹೊರಟವನ ಮಾತಿಗೂ, ಬಾಗಿಲಿನಲ್ಲಿ ನಿಂತು ತಡೆದವನ ಮಾತಿಗೂ ಅಜಗಜಾಂತರ ಉಂಟು. ಪರಮತವನ್ನು ವಿಮರ್ಶಿಸುವ ಹಕ್ಕು, ಸ್ವಮತವನ್ನು ಬಿಡುವ ಹಕ್ಕು, ಇವೆರಡನ್ನೂ ಒಪ್ಪದ ಸಹನೆಗೆ ಸಹನೆಯ ಹೆಸರು ಸಲ್ಲದು.

ಅದೇ ವರ್ಷ ಈ ಊರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಗ ನಾಗಪುರವು ಮಧ್ಯಪ್ರದೇಶದ ರಾಜಧಾನಿ. ಕ್ರೈಸ್ತ ಮಿಶನರಿಗಳ ಕಾರ್ಯವನ್ನು ವಿಚಾರಿಸಲು ಅಲ್ಲಿನ ಸರಕಾರವು 1954ರಲ್ಲಿ ನಾಗಪುರ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಡಾ. ಭವಾನಿಶಂಕರ ನಿಯೋಗಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರ ವರದಿ 1956ರಲ್ಲಿ ಹೊರಬಂದಿತು. ಮತಾಂತರವನ್ನೇ ಮುಖ್ಯ ಉದ್ದೇಶವಾಗಿ ಇಟ್ಟುಕೊಂಡ ಮಿಶನರಿಗಳನ್ನು ಹಿಂದಕ್ಕೆ ಕಳುಹಿಸಬೇಕೆಂದು ಅದು ಸಲಹೆ ಮಾಡಿತು. ಕ್ರೈಸ್ತ ಸಂಸ್ಥೆಗಳು ಅದನ್ನು ಪಕ್ಷಪಾತದ ವರದಿಯೆಂದು ತಿರಸ್ಕರಿಸಿದವು. ಆ ವಾದ ಇಂದಿಗೂ ತೀರಿಲ್ಲ. 1968ರಲ್ಲಿ ಮಧ್ಯಪ್ರದೇಶವು ಮತಾಂತರದ ಬಗ್ಗೆ ಕಾನೂನು ಮಾಡಿತು. ಮತಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪು ಕೊಟ್ಟಿತು. ಇದರಲ್ಲಿ ಯೋಚಿಸತಕ್ಕ ಸಂಗತಿ ಒಂದುಂಟು: ಇತರರ ಮತಾಂತರಗಳನ್ನು ವಿಚಾರಿಸಿ ವರದಿ ಬರೆದ ಅದೇ ನಿಯೋಗಿಯವರು ಅದೇ ಅಕ್ಟೋಬರಿನಲ್ಲಿ ತಾವೇ ಬೌದ್ಧಧರ್ಮವನ್ನು ಸ್ವೀಕರಿಸಿದರು. ಮನಸ್ಸು ತಾನಾಗಿ ಒಪ್ಪಿ ದಾರಿಯನ್ನು ಬದಲಿಸುವುದು ಬೇರೆ, ಒತ್ತಾಯಕ್ಕೋ ಆಮಿಷಕ್ಕೋ ಬದಲಿಸುವುದು ಬೇರೆ ಎಂಬುದು ಅವರ ನಿಲುವಾಗಿದ್ದಿರಬೇಕು. ಆದರೆ ಇನ್ನೊಬ್ಬನ ಮನಸ್ಸು ತಾನಾಗಿ ಒಪ್ಪಿತೋ ಇಲ್ಲವೋ ಎಂದು ತೂಗಿ ಹೇಳುವ ತಕ್ಕಡಿ ಯಾರ ಕೈಯಲ್ಲಿರಬೇಕು? ವಾದ ತೀರದಿರುವುದು ಇಲ್ಲಿಯೇ. ಆ ವರ್ಷ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತು. ಅದೇ ದಿನ ನಾಗಪುರವು ರಾಜಧಾನಿಯ ಪದವಿಯನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ಹೀಗಾಗಿ ನಾವು ಇಂದು ನೆನೆಯುವ ದಿನವು ಈ ಊರಿನ ಇತಿಹಾಸಕ್ಕೂ ಹೆಣೆದುಕೊಂಡಿದೆ.

ಗ್ರಂಥಗಳಲ್ಲಿ ಕಹಿ ಇದೆ, ನಮ್ಮವುಗಳಲ್ಲಿಯೂ ಇದೆ, ವಾದದಿಂದ ಅದು ತೀರುವುದಿಲ್ಲ ಎಂದಮೇಲೆ ದಾರಿಯೇನು? ಕನ್ನಡಿಗರ ಬಳಿ ಇದಕ್ಕೊಂದು ಕಲ್ಲಿನ ಉತ್ತರವಿದೆ. ಅದು ಶ್ರವಣಬೆಳಗೊಳದ ಭಂಡಾರ ಬಸದಿಯಲ್ಲಿರುವ ಬುಕ್ಕರಾಯನ ಶಾಸನ. ಕಾಲ ಶಕವರ್ಷ 1290, ಎಂದರೆ ಕ್ರಿ. ಶ. 1368. ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಅದರ ಒಳಗೇನಿದೆಯೆಂಬುದನ್ನು ನಿಧಾನವಾಗಿ ನೋಡಿದವರು ಕಡಮೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರುಗಳ ಜೈನರು ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ರಾಯನಿಗೆ ಬಿನ್ನಹ ಮಾಡಿದರು. ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು ಮೊದಲಾಗಿ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿದನು. ಆ ಕೂಟದಲ್ಲಿ ತಿರುಕುಲ, ಜಾಂಬವಕುಲದವರನ್ನು ಸಹ ಶಾಸನವು ಹೆಸರಿಸುತ್ತದೆ. ಬಳಿಕ ವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಹಿಡಿಸಿ, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯವೂ ಕಲಶವೂ ಸಲ್ಲಬೇಕು. ಜೈನರಿಗೆ ಆದ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಎಣಿಸಬೇಕು. ಈ ಕಟ್ಟಳೆಯನ್ನು ನಾಡಿನ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಬರೆಸಿ ನಿಲ್ಲಿಸತಕ್ಕವರು ಸ್ವತಃ ವೈಷ್ಣವರೇ. ತಿರುಮಲೆಯ ತಾತಯ್ಯನು ಜೈನರ ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಎತ್ತಿ, ಬೆಳಗೊಳದ ದೇವರಿಗೆ 20 ಮಂದಿ ಕಾವಲಾಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು.

ಸುಣ್ಣ, ಕಾವಲು, ವಾದ್ಯ, ಲೆಕ್ಕ! ದೊಡ್ಡ ತತ್ತ್ವವನ್ನು ಹೇಳಿ ಬಿಟ್ಟುಬಿಡದೆ, ಅದನ್ನು ನಡೆಸುವ ಬಗೆಯನ್ನು ಗೊತ್ತುಮಾಡಿದ ಜಾಣ್ಮೆ ಇದು. ವೈಷ್ಣವ ಗುರುವಿನ ಕೈಯಿಂದಲೇ ಜಿನಾಲಯಕ್ಕೆ ಸುಣ್ಣ ಬಳಿಸುವ ಏರ್ಪಾಡನ್ನು ಮಾಡಿದವನು ಮನುಷ್ಯಸ್ವಭಾವವನ್ನು ಬಲ್ಲವನು. ಇದರಲ್ಲಿ ಕುಂದೂ ಇಲ್ಲದಿಲ್ಲ. ಕಾವಲಿನ ಖರ್ಚು ಬಿದ್ದದ್ದು ನೊಂದವರಾದ ಜೈನರ ಮೇಲೆಯೇ. ಒಪ್ಪಂದವು ಒಮ್ಮೆ ಮಾಡಿದೊಡನೆ ಸ್ಥಿರವಾಗಿಯೂ ನಿಲ್ಲಲಿಲ್ಲವೆಂದು ಕಾಣುತ್ತದೆ. ಕಲ್ಲೆಹದ, ಎಂದರೆ ಮಾಗಡಿ ತಾಲ್ಲೂಕಿನ ಕಲ್ಯದ, ಬುಸುವಿಸೆಟ್ಟಿಯು ಮತ್ತೆ ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟವನ್ನು ಕಟ್ಟಿದರೆಂದೂ ಅದೇ ಕಲ್ಲಿನ ಕೊನೆಯ ಸಾಲುಗಳು ತಿಳಿಸುತ್ತವೆ.

ಎಲ್ಲಕ್ಕಿಂತ ಸೋಜಿಗದ ಸಂಗತಿ ಈ ಶಾಸನದ ಮೊದಲಲ್ಲಿದೆ. ಅದು ತೊಡಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ; ಆ ಶ್ಲೋಕವು ಅವರನ್ನು ಪಾಷಂಡರೆಂಬ ಸಮುದ್ರವನ್ನು ಸುಡುವ ಬಡಬಾಗ್ನಿಗೆ ಹೋಲಿಸುತ್ತದೆ. ಪಾಷಂಡರೆಂದರೆ ವೇದವನ್ನು ಒಪ್ಪದವರು; ಜೈನರೂ ಅದರಲ್ಲಿ ಸೇರಿದವರೇ. ಆ ಶ್ಲೋಕವನ್ನು ಮೇಲೆ ಇಟ್ಟುಕೊಂಡು, ಅದರ ಕೆಳಗೆ ಜೈನರ ಕೈಹಿಡಿದ ಒಪ್ಪಂದವನ್ನು ಬರೆದು, ಜೈನರ ಬಸದಿಯಲ್ಲಿಯೇ ನಿಲ್ಲಿಸಿದರು! ವೈಷ್ಣವರು ತಮ್ಮ ಶ್ಲೋಕವನ್ನು ಅಳಿಸಲಿಲ್ಲ. ಜೈನರು ಅಳಿಸೆಂದು ಹಟ ಹಿಡಿದಂತೆಯೂ ಕಾಣುವುದಿಲ್ಲ. ಶ್ಲೋಕ ಅದರ ಪಾಡಿಗೆ ಉಳಿಯಿತು, ಬಾಳುವೆ ಬೇರೊಂದು ಕಟ್ಟಳೆಯ ಮೇಲೆ ನಡೆಯಿತು. ಇಂದು ನಮ್ಮ ಚರ್ಚೆಗೆ ಬೇಕಾದ ತಿಳಿವಳಿಕೆ ಆ ಒಂದೇ ಕಲ್ಲಿನಲ್ಲಿದೆ. ಕಹಿ ಮಾತಿಲ್ಲದ ಗ್ರಂಥವನ್ನು ಹುಡುಕುತ್ತ ಹೊರಟರೆ ಯಾವ ಮತಕ್ಕೂ ನೆರೆಹೊರೆ ದೊರೆಯದು. ಆ ಮಾತು ಕೈಗೆ ಇಳಿಯದಂತೆ ಕೂಡಿ ಕಾಯುವ ಕಟ್ಟಳೆ ಇದ್ದರೆ ಸಾಕು. ಬುಕ್ಕರಾಯನ ಕಾಲದಲ್ಲಿ ಅದು ರಾಜಾಜ್ಞೆ. ನಮ್ಮ ಕಾಲದಲ್ಲಿ ಭಾರತದ ಸಂವಿಧಾನ. ಅದರ 25ನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮನಾಗಿ ಕೊಟ್ಟಿದೆ.

ಅಂಥ ಕಟ್ಟಳೆಯ ನೆರಳಿನಲ್ಲಿ ಗ್ರಂಥವನ್ನು ಓದುವ ಬಗೆಯೂ ಕಾಲಕ್ರಮದಲ್ಲಿ ಬದಲಾಗುತ್ತದೆ. ಚರ್ಚಿನ ಹೊರಗೆ ಮೋಕ್ಷವಿಲ್ಲವೆಂದು ಶತಮಾನಗಳ ಕಾಲ ಸಾರಿದ ಕೆಥೋಲಿಕ್ ಚರ್ಚು, 1965ರ ಅಕ್ಟೋಬರ್ 28ರಂದು, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದನ್ನೂ ತಾನು ತಳ್ಳಿಹಾಕುವುದಿಲ್ಲವೆಂದು ಘೋಷಿಸಿತು. ಬೈಬಲಿನ ಅಕ್ಷರ ಒಂದೂ ಬದಲಾಗಿರಲಿಲ್ಲ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ಮುಸಲ್ಮಾನನಾಗಿದ್ದುಕೊಂಡೇ ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಅವನು ಓದಿದ ಕುರಾನು ಬೇರೆಯದಾಗಿರಲಿಲ್ಲ. ಓದುವ ಕಣ್ಣು ಬೇರೆಯಾಗಿತ್ತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಚರ್ಚಾಕೂಟ ನಡೆಯಲಿ. ಮಕ್ಕಳ ಪ್ರಶ್ನೆಯನ್ನು ಅದುಮಿದರೆ ಅದು ಸಾಯುವುದಿಲ್ಲ. ಅರೆಬರೆ ವಾಕ್ಯಗಳನ್ನು ಕಿತ್ತು ಫೋನಿನಿಂದ ಫೋನಿಗೆ ಕಳಿಸುವವರು ಅದಕ್ಕೆ ಉತ್ತರ ಹೇಳುತ್ತಾರೆ. ಆದರೆ ಮೂರು ನಿಯಮಗಳಿರಲಿ. ಮೊದಲನೆಯದು, ಮಾತನಾಡುವವನು ತಾನು ಹುಟ್ಟಿದ ಸಂಪ್ರದಾಯದ ಕಹಿ ಪುಟವನ್ನು ಮೊದಲು ತೆರೆದು ತೋರಿಸಿ ಬಳಿಕ ಇತರರ ಪುಟಕ್ಕೆ ಕೈಹಾಕಲಿ. ಎರಡನೆಯದು, ಯಾವ ಗ್ರಂಥದ ಮಾತು ಬಂದರೂ ಅದರ ಹಿಂದುಮುಂದಿನ ವಾಕ್ಯಗಳನ್ನು ಕೂಡಿಸಿಯೇ ಓದಲಿ. ಮೂರನೆಯದು, ಆ ಗ್ರಂಥವನ್ನು ನಂಬಿ ಬಾಳುವವರೊಬ್ಬರು ಸಭೆಯಲ್ಲಿರಲಿ. ಅವರಿಗೆ ಉತ್ತರ ಹೇಳುವ ಅವಕಾಶವಿರಲಿ. ನೆರೆಯವರ ಮುಖದೆದುರು ಆಡಲಾರದ ಮಾತನ್ನು ಅವರ ಬೆನ್ನ ಹಿಂದೆಯೂ ಆಡಬಾರದಷ್ಟೆ. ಹಿರಿಯರ ಅಂಜಿಕೆಗೆ ಇದು ಸಮಾಧಾನ, ಕಿರಿಯರ ಉತ್ಸಾಹಕ್ಕೆ ಇದು ಪರೀಕ್ಷೆ.

ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗವು ಕ್ರಿ. ಶ. 850ರ ಸುಮಾರಿನಲ್ಲಿ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ್ದು. ಅನ್ಯರ ವಿಚಾರವನ್ನೂ ನಂಬಿಕೆಯನ್ನೂ ಸಹಿಸಿಕೊಳ್ಳುವ ಶಕ್ತಿಗೆ ಅದು ಬಂಗಾರದ ಬೆಲೆ ಕಟ್ಟಿದೆ. ಸಹಿಸುವುದೆಂದರೆ ಮೆಚ್ಚುವುದೆಂದಲ್ಲ, ಒಪ್ಪುವುದೆಂದೂ ಅಲ್ಲ. ಒಪ್ಪದಿದ್ದರೂ ಒಂದೇ ಬೀದಿಯಲ್ಲಿ ಬಾಳಗೊಡುವುದು. ದೇವಳಿಯ ತಾಮ್ರಪಟವನ್ನು ಬರೆಸಿದ ಮನೆತನದ ಸೊತ್ತು ಅದು. ಹೊಟ್ಟೆಪಾಡಿಗೆಂದು ಇಷ್ಟು ದೂರ ಬಂದ ನಾವು ನಾಡಿನಿಂದ ಹೊತ್ತು ತಂದದ್ದು ಹೆಚ್ಚೇನೂ ಇಲ್ಲ. ತಂದಿರುವುದರಲ್ಲಿ ಈ ಸೊತ್ತು ಸವೆಯದಂತೆ ಮಕ್ಕಳ ಕೈಗೆ ದಾಟಿಸುವ ಹೊಣೆ ಇಲ್ಲಿ ಕುಳಿತ ಒಂದೊಂದು ಮನೆಯದೂ ಆಗಿದೆ.

 ಕನ್ನಡ ತಾಯಿಗೆ ಜಯವಾಗಲಿ.